ದೊರೆತದ್ದು ಸಾಕಾಗದಿರುವುದೇಕೆ? ಪ್ರಸಂಗಿಯ ಲೆಕ್ಕದ ಕುರಿತು ಒಂದು ವಿಚಾರ

ನಮ್ಮ ಸಭೆಗಳಲ್ಲಿ ಕೃತಜ್ಞತಾ ಕಾಣಿಕೆಯನ್ನು ಅರ್ಪಿಸುವವರು ಕಾರಣವನ್ನೂ ತಿಳಿಸುವುದುಂಟು: ಮಗನಿಗೆ ಉದ್ಯೋಗ ದೊರೆಯಿತು, ಹೊಸ ಮನೆ ಕಟ್ಟಿದೆವು, ಮಗಳು ವಿದೇಶಕ್ಕೆ ಹೋದಳು. ಆ ಆನಂದ ನಿಜವಾದದ್ದೇ. ಆದರೆ ಎರಡು ವರ್ಷಗಳ ತರುವಾಯ ಅದೇ ಮನೆಗೆ ಸಂದರ್ಶನಕ್ಕೆ ಹೋಗುವ ಸಭಾಪಾಲಕರು ಬೇರೊಂದು ಮಾತನ್ನು ಕೇಳುತ್ತಾರೆ: ಎಲ್ಲವೂ ಇದೆ, ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಆಗ ನಮ್ಮ ಬಾಯಿಗೆ ಬರುವ ಸಿದ್ಧ ಉತ್ತರಗಳು ಎರಡು. ಒಂದು, ಇದು ಕೃತಘ್ನತೆ ಎಂಬ ಗದರಿಕೆ; ಇನ್ನೊಂದು, ನಂಬಿಕೆ ಹೆಚ್ಚಾದರೆ ಆಶೀರ್ವಾದವೂ ಹೆಚ್ಚುವುದೆಂಬ ಭರವಸೆ. ಮೊದಲನೆಯದು ಗಾಯಗೊಂಡವನಿಗೆ ಹೊಡೆಯುತ್ತದೆ, ಎರಡನೆಯದು ರೋಗವನ್ನೇ ಔಷಧವೆಂದು ಕೊಡುತ್ತದೆ. ಈ ಎರಡನ್ನೂ ಬದಿಗಿಟ್ಟು ಪ್ರಸಂಗಿಯ ಗ್ರಂಥವನ್ನು ಸಾವಧಾನವಾಗಿ ಓದೋಣ.

ಎರಡನೆಯ ಅಧ್ಯಾಯದಲ್ಲಿ ಪ್ರಸಂಗಿಯು ಅರಸನ ಪಾತ್ರವನ್ನು ವಹಿಸಿ ತನ್ನ ಪ್ರಯೋಗವನ್ನು ವಿವರಿಸುತ್ತಾನೆ. ಮನೆಗಳು, ದ್ರಾಕ್ಷೇತೋಟಗಳು, ಉದ್ಯಾನಗಳು, ಕೆರೆಗಳು, ದಾಸದಾಸಿಯರು, ದನಕುರಿಗಳು, ಬೆಳ್ಳಿಬಂಗಾರ, ಗಾಯಕರು – ಪಟ್ಟಿ ದೀರ್ಘವಾಗಿದೆ. ನಾವು ಪ್ರಸಂಗ ಮಾಡುವಾಗ ಈ ಪಟ್ಟಿಯಿಂದ ನೇರವಾಗಿ ಹನ್ನೊಂದನೆಯ ವಚನದ ನಿರಾಶೆಗೆ ಹಾರಿಬಿಡುತ್ತೇವೆ. ನಡುವೆ ಹತ್ತನೆಯ ವಚನವಿದೆ. ಅಲ್ಲಿ ಅವನು ತನ್ನ ಪ್ರಯಾಸದಲ್ಲಿ ಹೃದಯವು ಹರ್ಷಿಸಿತೆಂದೂ ಅದೇ ತನಗೆ ದೊರೆತ ಪಾಲೆಂದೂ ಒಪ್ಪಿಕೊಳ್ಳುತ್ತಾನೆ. ಸುಖ ಸಿಗಲಿಲ್ಲವೆಂಬುದು ಅವನ ದೂರಲ್ಲ; ಸಿಕ್ಕ ಸುಖದಲ್ಲಿ ಏನೂ ಮಿಗಲಿಲ್ಲವೆಂಬುದೇ ಅವನ ದೂರು. ಅವನು ಬಳಸುವ ಇಬ್ರಿಯ ಪದ ‘ಯಿತ್ರೋನ್’. ಉಳಿಯುವುದು ಎಂಬ ಧಾತುವಿನಿಂದ ಬಂದ ಈ ಪದವು ಹಳೆಯ ಒಡಂಬಡಿಕೆಯಲ್ಲಿ ಈ ಗ್ರಂಥದಲ್ಲಿ ಮಾತ್ರ ಕಾಣುತ್ತದೆ. ಖರ್ಚು ಕಳೆದು ಉಳಿಯುವ ಲಾಭವೆಂದು ಅದನ್ನು ಅರ್ಥೈಸಬಹುದು. ಪ್ರಸಂಗಿಯು ಜಮಾ-ಖರ್ಚಿನ ಪುಸ್ತಕವನ್ನು ತೆರೆದು, ಸಂತೋಷವು ಬಂದದ್ದನ್ನೂ ಬರೆದು, ಕೊನೆಯ ಸಾಲಿನಲ್ಲಿ ಶೂನ್ಯವನ್ನು ಕಾಣುತ್ತಾನೆ.

ಇದಕ್ಕೆ ಜೊತೆಯಾಗಿ ಬರುವ ಪದ ‘ಹೆಬೆಲ್’. ನಮ್ಮ ಸತ್ಯವೇದದಲ್ಲಿ ಅದು ‘ವ್ಯರ್ಥ’ವಾಗಿದೆ. ಭಾಷಾಂತರ ತಪ್ಪಲ್ಲ, ಆದರೆ ಮೂಲದ ಚಿತ್ರವು ಅದರಲ್ಲಿ ಮಾಯವಾಗುತ್ತದೆ: ಹೆಬೆಲ್ ಎಂದರೆ ಉಸಿರು, ಆವಿ. (ಕನ್ನಡದ ‘ಹಬೆ’ಯನ್ನು ಅದು ಧ್ವನಿಯಲ್ಲಿ ಹೋಲುವುದು ಕೇವಲ ಆಕಸ್ಮಿಕ; ಆದರೂ ಪ್ರಸಂಗಪೀಠಕ್ಕೆ ಉಪಯುಕ್ತವಾದ ಆಕಸ್ಮಿಕ.) ಆದಿಕಾಂಡದಲ್ಲಿ ಅಲ್ಪಾಯುವಾದ ಹೇಬೆಲನ ಹೆಸರೂ ಇದೇ ಅಕ್ಷರಗಳದ್ದು. ಹಬೆ ಸುಳ್ಳಲ್ಲ, ಚಳಿಯಲ್ಲಿ ಕೈಗೆ ಬಿಸಿ ತಾಗಿಸುತ್ತದೆ. ಅದನ್ನು ಹಿಡಿದು ಪೆಟ್ಟಿಗೆಯಲ್ಲಿಡಲು ಬಾರದು, ಅಷ್ಟೆ.

ಏನೂ ಮಿಗದಿರುವುದಕ್ಕೆ ಪ್ರಸಂಗಿಯು ಕೆಲವು ಕಾರಣಗಳನ್ನೂ ಸೂಚಿಸುತ್ತಾನೆ. ಮನುಷ್ಯರ ದುಡಿಮೆಯ ಹಿಂದೆ ನೆರೆಯವನ ಮೇಲಿನ ಮತ್ಸರವಿದೆ (4:4). ಆಸ್ತಿ ಹೆಚ್ಚಿದಷ್ಟು ತಿನ್ನುವವರೂ ಹೆಚ್ಚುತ್ತಾರೆ (5:11). ದುಡಿತವೆಲ್ಲ ಬಾಯಿಗಾಗಿ, ಆದರೂ ಆಶೆ ತುಂಬದು (6:7). ಈ ಒಳನೋಟಗಳನ್ನು ಆಧುನಿಕ ಸಮಾಜವಿಜ್ಞಾನವು ತನ್ನ ಮಾರ್ಗದಲ್ಲಿ ಮುಟ್ಟಿದೆ. ಒಂದು ದೇಶದೊಳಗೆ ಶ್ರೀಮಂತರು ಬಡವರಿಗಿಂತ ಹೆಚ್ಚು ಸಂತುಷ್ಟರೆಂದು ಹೇಳಿಕೊಂಡರೂ, ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆದಾಯವು ಏರಿದಷ್ಟು ಜನರ ಸರಾಸರಿ ಸಂತೋಷವು ಏರಲಿಲ್ಲವೆಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ತೋರಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಹೋಲಿಕೆ: ಎಲ್ಲರ ಮನೆಯೂ ದೊಡ್ಡದಾದಾಗ ನನ್ನ ಮನೆ ಮತ್ತೆ ಸಾಮಾನ್ಯವೇ. ಇದಕ್ಕೂ ಮುಂಚೆ 1971ರಲ್ಲಿ ಬ್ರಿಕ್‌ಮನ್ ಮತ್ತು ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು, ಹೊಸ ಸುಖಕ್ಕೆ ಮನಸ್ಸು ಬೇಗನೆ ಒಗ್ಗಿಕೊಂಡು ಮೊದಲಿನ ಸ್ಥಿತಿಗೆ ಮರಳುವುದೆಂದು ವಾದಿಸಿದ್ದರು. ಅರಣ್ಯಕಾಂಡದ 11ನೆಯ ಅಧ್ಯಾಯವನ್ನು ಬಲ್ಲವರಿಗೆ ಇದು ಹೊಸ ಸುದ್ದಿಯಲ್ಲ. ಇಸ್ರಾಯೇಲ್ಯರು ಮೊದಲ ದಿನ ಇದೇನೆಂದು ಬೆರಗಾಗಿ ಕೇಳಿದ ಮನ್ನವು ಅಲ್ಲಿ ಬೇಸರದ ಊಟವಾಗಿದೆ. ಅವರು ಐಗುಪ್ತದ ಮೀನು, ಸೌತೆ, ಬೆಳ್ಳುಳ್ಳಿಗಳನ್ನು ನೆನೆದು ಅಳುತ್ತಾರೆ. ಆಕಾಶದಿಂದ ಬಂದ ರೊಟ್ಟಿಗೂ ಮನಸ್ಸು ಒಗ್ಗಿಹೋಗುತ್ತದೆ.

ಇಲ್ಲಿ ಪ್ರಸಂಗಿಗಳಾದ ನಮಗೆ ಎರಡು ಎಚ್ಚರಿಕೆಗಳು ಬೇಕು. ಲಾಟರಿ ಗೆದ್ದವರು ಇತರರಿಗಿಂತ ಸಂತುಷ್ಟರಲ್ಲವೆಂಬ ದೃಷ್ಟಾಂತವು ಪ್ರಸಂಗಪೀಠಗಳಲ್ಲಿ ಧಾರಾಳವಾಗಿ ಓಡಾಡುತ್ತದೆ. ಅದರ ಮೂಲವು 1978ರ ಒಂದು ಅಧ್ಯಯನ. ಅದರಲ್ಲಿದ್ದ ವಿಜೇತರು 22 ಮಂದಿ ಮಾತ್ರ. ಸ್ವೀಡನ್ನಿನಲ್ಲಿ ಬಹುದೊಡ್ಡ ಸಂಖ್ಯೆಯ ವಿಜೇತರನ್ನು ಕುರಿತು ನಡೆದು 2020ರಲ್ಲಿ ಪ್ರಕಟವಾದ ಸಂಶೋಧನೆಯು, ದೊಡ್ಡ ಮೊತ್ತ ಪಡೆದವರಲ್ಲಿ ಬದುಕಿನ ಬಗೆಗಿನ ತೃಪ್ತಿಯು ಹತ್ತು ವರ್ಷಗಳಿಗೂ ಮೀರಿ ಹೆಚ್ಚಾಗಿಯೇ ಉಳಿಯಿತೆಂದು ಕಂಡುಕೊಂಡಿತು. ಹಣದಿಂದ ಏನೂ ಆಗದೆಂದು ಹೇಳುವುದು ಸತ್ಯವೂ ಅಲ್ಲ, ಸುವಾರ್ತೆಯೂ ಅಲ್ಲ.

ಎರಡನೆಯ ಎಚ್ಚರಿಕೆ ಇನ್ನೂ ಗಂಭೀರವಾದದ್ದು. ಸಾಲದಲ್ಲಿ ಮುಳುಗಿದ ಕೂಲಿಗಾರನಿಗೆ ಹೆಚ್ಚು ಬಯಸಬೇಡವೆಂದು ಬೋಧಿಸಲು ಪ್ರಸಂಗಿಯು ನಮಗೆ ಅಧಿಕಾರ ಕೊಡಲಿಲ್ಲ. ಅವನು ಹಿಂಸೆಪಡುವವರ ಕಣ್ಣೀರನ್ನೂ ಅವರನ್ನು ಸಂತೈಸುವವರಿಲ್ಲದ್ದನ್ನೂ ಕಂಡವನು (4:1). ತೋಮಸ್ ಅಕ್ವಿನಾಸನು ತನ್ನ ‘ಸುಮ್ಮಾ’ದಲ್ಲಿ ಮಾಡುವ ಭೇದವು ಇಲ್ಲಿ ನೆರವಾಗುತ್ತದೆ. ಅನ್ನ, ಬಟ್ಟೆ, ವಸತಿಗಳಂಥ ಸ್ವಾಭಾವಿಕ ಸಂಪತ್ತಿನ ಬಯಕೆಗೆ ಮಿತಿಯಿದೆ. ಹೊಟ್ಟೆ ತುಂಬಿದ ಮೇಲೆ ಹಸಿವೆ ನಿಲ್ಲುತ್ತದೆ. ಮನುಷ್ಯನು ವಿನಿಮಯಕ್ಕಾಗಿ ಕಲ್ಪಿಸಿದ ಸಂಪತ್ತಾದ ಹಣದ ಬಯಕೆಗೆ ಅಂಥ ಮಿತಿಯಿಲ್ಲ. ಕೂಲಿಗಾರನು ಕೇಳುವುದು ಮೊದಲನೆಯದನ್ನು. ಎರಡನೆಯದರ ಕುರಿತ ಪ್ರಸಂಗವನ್ನು ಅವನಿಗೆ ಉಣಬಡಿಸುವುದು ಅನ್ಯಾಯ.

ಈ ವಿಷಯದಲ್ಲಿ ಯಾಜಕ ವರ್ಗದವರಾದ ನಾವು ಹೊರಗೆ ನಿಂತು ನೋಡುವವರೂ ಅಲ್ಲ. ನಮ್ಮ ಹೆಚ್ಚಳಗಳು ಬೇರೆ ಹೆಸರಿನವು: ಪಟ್ಟಣದ ದೊಡ್ಡ ಸಭೆ, ಮತ್ತೊಂದು ಪದವಿ, ಸಮಿತಿಯ ಸ್ಥಾನ, ಹಿಂದಿನವರು ಕಟ್ಟಿಸಿದ್ದಕ್ಕಿಂತ ಎತ್ತರದ ದೇವಾಲಯ. ಅಗಸ್ಟೀನನು ‘ಕನ್ಫೆಷನ್ಸ್’ ಗ್ರಂಥದ ಆರನೆಯ ಭಾಗದಲ್ಲಿ ಹೇಳುವ ಘಟನೆಯು ನಮಗಾಗಿಯೇ ಬರೆದಂತಿದೆ. ಮಿಲಾನಿನಲ್ಲಿ ವಾಕ್ಚಾತುರ್ಯದ ಅಧ್ಯಾಪಕನಾಗಿದ್ದ ಅವನು ಚಕ್ರವರ್ತಿಯನ್ನು ಹೊಗಳುವ ಭಾಷಣವನ್ನು ಸಿದ್ಧಪಡಿಸುತ್ತಿದ್ದನು. ಅದರಲ್ಲಿ ಸುಳ್ಳೇ ಹೆಚ್ಚೆಂದು ಅವನಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆ ಚಿಂತೆಯಲ್ಲಿ ಬೀದಿಯಲ್ಲಿ ನಡೆಯುತ್ತಿರುವಾಗ ಕುಡಿದು ನಗುತ್ತಿದ್ದ ಒಬ್ಬ ಭಿಕ್ಷುಕನನ್ನು ಕಂಡನು. ತಾನು ಇಷ್ಟು ಶ್ರಮಪಟ್ಟು ಅರಸುವ ನಿಶ್ಚಿಂತೆಯನ್ನು ಇವನು ಕೆಲವು ಕಾಸುಗಳಿಗೆ ಪಡೆದುಕೊಂಡನಲ್ಲಾ ಎಂದು ಸ್ನೇಹಿತರ ಮುಂದೆ ಹಲುಬಿದನು. ಭಿಕ್ಷುಕನ ಆನಂದವು ನಿಜವಾದದ್ದಲ್ಲವೆಂದು ಅಗಸ್ಟೀನನು ಬಲ್ಲನು. ಆದರೆ ಭಿಕ್ಷುಕನ ಅಮಲು ಒಂದು ರಾತ್ರಿಯ ನಿದ್ರೆಯಲ್ಲಿ ಇಳಿಯುವಂಥದ್ದು. ಕೀರ್ತಿಯ ಅಮಲಿನೊಂದಿಗೆ ಅವನು ಮಲಗಿ, ಅದರೊಂದಿಗೇ ಏಳುತ್ತಿದ್ದನು.

ಹಾಗಾದರೆ ಬಯಕೆಯನ್ನೇ ಆರಿಸಿಬಿಡಬೇಕೇ? ಈ ಉತ್ತರವು ನಮ್ಮ ನೆಲದಲ್ಲಿ ಗೌರವದಿಂದ ಕೇಳಿಬರುವಂಥದ್ದು. ನಮ್ಮ ಕೇಳುಗರಲ್ಲಿ ಅನೇಕರು ಸತ್ಯವೇದವು ಇದನ್ನೇ ಬೋಧಿಸುತ್ತದೆಂದು ಭಾವಿಸಿರುತ್ತಾರೆ. ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗರಿಯು ‘ಮೋಶೆಯ ಜೀವನ’ ಎಂಬ ಕೃತಿಯಲ್ಲಿ ಬೇರೆ ದಾರಿಯನ್ನು ತೋರಿಸುತ್ತಾನೆ. ಐಗುಪ್ತದಲ್ಲಿ ಇಟ್ಟಿಗೆ ಮಾಡುತ್ತಿದ್ದ ಇಸ್ರಾಯೇಲ್ಯರನ್ನು ಅವನು ಭೋಗದ ಚಿತ್ರವಾಗಿ ಓದುತ್ತಾನೆ: ಅಚ್ಚಿಗೆ ಮಣ್ಣನ್ನು ತುಂಬಿದ ಕೂಡಲೇ ಅದು ಬರಿದಾಗುತ್ತದೆ, ಮತ್ತೆ ತುಂಬಬೇಕು. ಇಟ್ಟಿಗೆಯ ಕೆಲಸವನ್ನು ಹತ್ತಿರದಿಂದ ಕಂಡವರಿಗೆ ಈ ಮಾತಿನ ನಿಖರತೆ ಅರ್ಥವಾದೀತು. ಸಾವಿರ ಇಟ್ಟಿಗೆ ತೆಗೆದ ಸಂಜೆಯೂ ಅಚ್ಚು ಖಾಲಿಯೇ. ಅದೇ ಗ್ರೆಗರಿಯು ದೇವರನ್ನು ಬಯಸುವವನಿಗೂ ಬಯಕೆಯು ಮುಗಿಯದೆನ್ನುತ್ತಾನೆ. ದೇವರು ಅಪರಿಮಿತನಾದ್ದರಿಂದ ಆತನನ್ನು ಕಾಣುವುದೆಂದರೆ ಇನ್ನೂ ಕಾಣಬೇಕೆಂಬ ಬಯಕೆಯಲ್ಲಿ ಮುಂದುವರಿಯುವುದು; ಇದಕ್ಕೆ ಅವನ ಆಧಾರ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3:13. ಎರಡೂ ಕಡೆ ತೃಷೆ ನಿಲ್ಲುವುದಿಲ್ಲ. ಒಂದರಲ್ಲಿ ಬರಿದಾಗುವ ಕಾರಣ ಹಾಗೆ, ಇನ್ನೊಂದರಲ್ಲಿ ತುಂಬುತ್ತ ಪಾತ್ರೆಯೇ ಹಿಗ್ಗುವ ಕಾರಣ ಹಾಗೆ. ದೇವರು ಮನುಷ್ಯರ ಹೃದಯದಲ್ಲಿ ನಿತ್ಯತೆಯನ್ನು ಇಟ್ಟಿದ್ದಾನೆಂದು ಪ್ರಸಂಗಿಯೂ ಬಲ್ಲನು (3:11). ಆ ಅಳತೆಯ ಹೃದಯಕ್ಕೆ ದ್ರಾಕ್ಷೇತೋಟವು ಚಿಕ್ಕದಾದರೆ ತಪ್ಪು ತೋಟದ್ದಲ್ಲ.

ಇದರಿಂದಾಗಿ ತೋಟವನ್ನು ಹೀಗಳೆಯುವ ಅಗತ್ಯವೂ ಇಲ್ಲವಾಗುತ್ತದೆ. ಐದನೆಯ ಅಧ್ಯಾಯದ ಕೊನೆಯಲ್ಲಿಯೂ ಆರನೆಯದರ ಆರಂಭದಲ್ಲಿಯೂ ಪ್ರಸಂಗಿಯು ಎರಡು ವರಗಳನ್ನು ಬೇರ್ಪಡಿಸುತ್ತಾನೆ: ಐಶ್ವರ್ಯವು ಒಂದು, ಅದನ್ನು ಅನುಭವಿಸುವ ಶಕ್ತಿಯು ಇನ್ನೊಂದು. ಮೊದಲನೆಯದನ್ನು ಪಡೆದು ಎರಡನೆಯದನ್ನು ಪಡೆಯದವನು ಇರಬಲ್ಲನು. ಎರಡನೆಯದು ದುಡಿದು ಗಳಿಸತಕ್ಕದ್ದಲ್ಲ, ನಾಳೆಗೆ ಕೂಡಿಡತಕ್ಕದ್ದೂ ಅಲ್ಲ. ಕರ್ತನು ನಮಗೆ ಕಲಿಸಿದ ಪ್ರಾರ್ಥನೆಯು ರೊಟ್ಟಿಯನ್ನು ಒಂದು ದಿನದ ಮಟ್ಟಿಗೆ ಬೇಡಿಸುವುದನ್ನು ಈ ಬೆಳಕಿನಲ್ಲಿ ನೋಡಬಹುದು.

ಆರಂಭದಲ್ಲಿ ಹೇಳಿದ ಕುಟುಂಬದ ಬಳಿಗೆ ಮರಳುವುದಾದರೆ, ನಮ್ಮ ಆರಾಧನೆಯಲ್ಲಿ ಮೊದಲನೆಯ ವರಕ್ಕೆ ಕಾಣಿಕೆಯ ಲಕೋಟೆಯಿದೆ. ಎರಡನೆಯದನ್ನು ಬೇಡುವ ಒಂದು ಪ್ರಾರ್ಥನೆಯೂ ಗೃಹಪ್ರವೇಶದ ನಮ್ಮ ಕ್ರಮದಲ್ಲಿ ಇರಬಹುದಾಗಿತ್ತು. ಮನೆ ಹೊಸದಾಗಿರುವಾಗಲೇ ಅದನ್ನು ಬೇಡಿದರೆ, ಎರಡು ವರ್ಷಗಳ ನಂತರ ನೆಮ್ಮದಿಯಿಲ್ಲವೆಂದು ಹೇಳಲು ಅವರು ಅಷ್ಟು ನಾಚಬೇಕಾಗಿರಲಿಲ್ಲ.