ಕೀಬೋರ್ಡ್ ತಗೋತೀರಾ? ‘ಟೋನ್ ಎಷ್ಟು’ ಅಂತ ಕೇಳೋ ಮುಂಚೆ ಇದನ್ನ ಓದಿ

ಗದಗ: ಜಾತ್ರೆ ಸೀಸನ್ ಶುರುವಾಯ್ತು ಅಂದ್ರೆ ರಸಮಂಜರಿ ತಂಡಗಳಿಗೆ ಪುರುಸೊತ್ತೇ ಇರಲ್ಲ. ಗಣೇಶ ಹಬ್ಬ, ಮದುವೆ ಆರತಕ್ಷತೆ, ಭಜನಾ ಮೇಳ, ಶಾಲೆ ಗ್ಯಾದರಿಂಗ್, ಯಾವುದೇ ಇರಲಿ, ಸ್ಟೇಜ್ ಮೇಲೆ ಒಂದು ಕೀಬೋರ್ಡ್ ಇದ್ದೇ ಇರತ್ತೆ. ಮೊದಲು ಪೇಟಿ ಮಾಸ್ತರ್ ಕೂರುತ್ತಿದ್ದ ಜಾಗದಲ್ಲಿ ಈಗ ಸ್ಟ್ಯಾಂಡ್ ಮೇಲೆ 61 ಕೀ ಇರೋ ಕರಿ ಡಬ್ಬಿ. ಹೊಸದು ತಗೊಳ್ಳೋಕೆ ಹುಬ್ಬಳ್ಳಿ ಬಸ್ ಹತ್ತೋ ಹುಡುಗರು ಅಂಗಡೀಲಿ ಕೇಳೋ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ಟೋನ್ ಎಷ್ಟ್ ಅದಾವ್ರಿ?’

ಆರುನೂರು, ಎಂಟುನೂರು, ಒಂಬೈನೂರು ಅಂತ ಉತ್ತರ ಬರತ್ತೆ. ದೊಡ್ಡ ನಂಬರ್ ಇರೋದನ್ನ ಹೊತ್ಕೊಂಡು ಬರ್ತಾರೆ. ಆರು ತಿಂಗಳಲ್ಲಿ ಗೊತ್ತಾಗೋದು ಏನಂದ್ರೆ, ಅದರಲ್ಲಿ ನಿಜವಾಗಿ ನುಡಿಸೋದು ಹದಿನೈದೋ ಇಪ್ಪತ್ತೋ ಟೋನ್. ತಮಗೆ ಬೇಕಾಗಿದ್ದ ಕೆಲಸ ಮಾತ್ರ ಅದರಲ್ಲಿ ಆಗ್ತಿಲ್ಲ. ಇಪ್ಪತ್ತು-ಮೂವತ್ತು ಸಾವಿರ ಅಂದ್ರೆ ಸಣ್ಣ ತಂಡದ ಹುಡುಗನಿಗೆ ಒಂದು ಸೀಸನ್ನಿನ ದುಡಿಮೆ. ಕಂತಿನ ಮೇಲೆ ತಂದಿದ್ರೆ ಕಂತು ಮುಗಿಯೋ ಮುಂಚೆನೇ ಅರ್ಧ ರೇಟಿಗೆ ಮಾರಬೇಕಾಗತ್ತೆ.

ಇದಕ್ಕೆ ಕಾರಣ, ಕೀಬೋರ್ಡ್‌ನಲ್ಲಿ ಎರಡು ಜಾತಿ ಇದೆ ಅನ್ನೋದು ತಗೊಳ್ಳೋರಿಗೆ ಗೊತ್ತಿರಲ್ಲ. ಒಂದು ಅರೇಂಜರ್, ಇನ್ನೊಂದು ವರ್ಕ್‌ಸ್ಟೇಷನ್. ನೋಡೋಕೆ ಎರಡೂ ಒಂದೇ ಥರ.

ಅರೇಂಜರ್ ಅಂದ್ರೆ ಜೊತೆಗೆ ತಂಡ ಇಟ್ಕೊಂಡ ಕೀಬೋರ್ಡ್

ಎಡಗೈಯಲ್ಲಿ ಒಂದು ಕಾರ್ಡ್ ಹಿಡಿದ್ರೆ ಅರೇಂಜರ್ ಅದನ್ನ ಗುರುತಿಸಿ, ಅದಕ್ಕೆ ತಕ್ಕ ಬೇಸ್, ಗಿಟಾರ್, ತಾಳವಾದ್ಯ ಎಲ್ಲಾ ತಾನೇ ನುಡಿಸತ್ತೆ. ಇದಕ್ಕೆ ಸ್ಟೈಲ್ ಅಥವಾ ರಿದಂ ಅಂತಾರೆ. ಇಂಟ್ರೋ, ಮೇನ್, ಫಿಲ್, ಎಂಡಿಂಗ್ ಅಂತ ಬಟನ್ ಇರತ್ತೆ. ಬಲಗೈಯಲ್ಲಿ ಹಾಡಿನ ಧಾಟಿ ನುಡಿಸಿದ್ರೆ ಸಾಕು, ಒಬ್ಬನೇ ಇಡೀ ಆರ್ಕೆಸ್ಟ್ರಾ ಮಾಡಬಹುದು. ಸ್ಪೀಕರ್ ಡಬ್ಬಿಯಲ್ಲೇ ಇರತ್ತೆ. ಯಮಹಾದ ಪಿಎಸ್‌ಆರ್, ಕ್ಯಾಸಿಯೋದ ಸಿಟಿ-ಎಕ್ಸ್, ಕೋರ್ಗ್‌ನ ಪಿಎ ಸರಣಿ ಈ ಜಾತಿಗೆ ಸೇರಿದವು.

ನಮ್ಮ ದೇಶಕ್ಕಂತಲೇ ಮಾಡಿದ ಮಾಡೆಲ್‌ಗಳೂ ಇವೆ. ಯಮಹಾದಲ್ಲಿ ಹೆಸರಲ್ಲಿ ‘ಐ’ ಇರೋವು, ಉದಾಹರಣೆಗೆ ಪಿಎಸ್‌ಆರ್-ಐ500. ಕ್ಯಾಸಿಯೋದಲ್ಲಿ ಕೊನೆಗೆ ‘ಐಎನ್’ ಇರೋವು, ಸಿಟಿ-ಎಕ್ಸ್9000ಐಎನ್ ಥರದ್ದು. ಇವುಗಳಲ್ಲಿ ಸಿತಾರ್, ಶಹನಾಯಿ, ಬಾನ್ಸುರಿ, ಹಾರ್ಮೋನಿಯಂ ದನಿಗಳಿವೆ, ಕೆಹರವಾ, ದಾದರಾದಂಥ ರಿದಂಗಳಿವೆ. ಐ500ರಲ್ಲಿ ರಿಯಾಜ್ ಅಂತ ಒಂದು ಬಟನ್ ಇದೆ, ಒತ್ತಿದ್ರೆ ತಾನ್‌ಪುರ-ತಬಲಾ ಶುರುವಾಗತ್ತೆ. ಮನೇಲಿ ಸಂಗೀತ ಅಭ್ಯಾಸ ಮಾಡೋ ಮಕ್ಕಳಿಗೆ ಇದೊಂದೇ ಕಾರಣಕ್ಕೆ ತಗೊಂಡ್ರೂ ತಪ್ಪಿಲ್ಲ. ಚೆನ್ನೈ ಹತ್ತಿರ ಯಮಹಾದ ಕಾರ್ಖಾನೆ 2019ರಿಂದ ಕೀಬೋರ್ಡ್ ತಯಾರಿಸ್ತಿದೆ. ಈ ದರ್ಜೆಯವು ಇಪ್ಪತ್ತರಿಂದ ಮೂವತ್ತು ಸಾವಿರದ ಆಸುಪಾಸಿನಲ್ಲಿ ಸಿಗ್ತವೆ. ಅಂಗಡಿಯಿಂದ ಅಂಗಡಿಗೆ ರೇಟ್ ಬದಲಾಗತ್ತೆ, ಚೌಕಾಶಿ ಮಾಡಿ.

ಆದರೆ ಭಜನಾ ಮಂಡಳಿಯವರು ಒಂದು ಮಾತು ತಿಳ್ಕೊಬೇಕು. ತತ್ವಪದ, ವಚನ, ಜಾನಪದ ಧಾಟಿಗಳು ಕಾರ್ಡ್ ಲೆಕ್ಕದಲ್ಲಿ ಹುಟ್ಟಿದವಲ್ಲ. ರಾಗದ ಮೇಲೆ ಸಿನಿಮಾ ಥರ ಕಾರ್ಡ್ ಕೂರಿಸಿದ್ರೆ ಹಾಡು ಎತ್ತಲೋ ಹೋಗತ್ತೆ. ಕೇಳೋ ಹಿರಿಯರು ಮುಖ ಕಿವುಚೋದು ಇದಕ್ಕೇ. ಪರಿಹಾರ ಸುಲಭ: ಯಮಹಾದಲ್ಲಿ ಎಸಿಎಂಪಿ ಅಂತ ಬಟನ್ ಇರತ್ತೆ, ಬೇರೆ ಕಂಪನಿಯಲ್ಲೂ ಅಂಥದ್ದೇ ಇರತ್ತೆ. ಅದನ್ನ ಆಫ್ ಮಾಡಿದ್ರೆ ಬರೀ ತಾಳ ಉಳಿಯತ್ತೆ, ಎರಡೂ ಕೈ ಧಾಟಿಗೆ ಸಿಗತ್ತೆ. ಏಳು ಮಾತ್ರೆಯ ರೂಪಕ, ಹದಿನಾಲ್ಕರ ದೀಪಚಂದಿ ಬೇಕಾದವರು ಮಾತ್ರ ಅಂಗಡೀಲೇ ಹುಡುಕಿ, ನುಡಿಸಿ ನೋಡಿ. ರೆಡಿ ಇರೋ ರಿದಂನಲ್ಲಿ ನಾಲ್ಕರ ಲೆಕ್ಕದವೇ ಜಾಸ್ತಿ.

ವರ್ಕ್‌ಸ್ಟೇಷನ್ ಕಥೆ ಬೇರೆ

ಇದು ಜೊತೆಗೆ ನುಡಿಸೋ ಯಂತ್ರವಲ್ಲ, ಹಾಡು ಕಟ್ಟೋ ಯಂತ್ರ. ಒಳ್ಳೆ ದನಿ, ಎಫೆಕ್ಟ್, ಮತ್ತೆ ಸೀಕ್ವೆನ್ಸರ್ ಒಂದೇ ಡಬ್ಬಿಯಲ್ಲಿ. ಸೀಕ್ವೆನ್ಸರ್ ಅಂದ್ರೆ, ಮೊದಲು ತಾಳ ನುಡಿಸಿ ರೆಕಾರ್ಡ್ ಮಾಡೋದು, ಅದರ ಮೇಲೆ ಬೇಸ್, ಅದರ ಮೇಲೆ ಕೊಳಲು, ಹೀಗೆ ಒಂದರ ಮೇಲೊಂದು ಟ್ರ್ಯಾಕ್ ಪೇರಿಸೋದು. ತಪ್ಪಾದ ಟ್ರ್ಯಾಕ್ ಒಂದನ್ನೇ ಅಳಿಸಿ ಮತ್ತೆ ನುಡಿಸಬಹುದು. ಈ ಪದ್ಧತಿಯನ್ನ ಜಗತ್ತಿಗೆಲ್ಲಾ ಹಬ್ಬಿಸಿದ್ದು 1988ರಲ್ಲಿ ಬಂದ ಕೋರ್ಗ್ ಎಂ1. ಕಂಪ್ಯೂಟರ್ ಇಲ್ಲದೆ ಹಾಡು ಪೂರ್ತಿ ಮಾಡಬಹುದು ಅನ್ನೋದೇ ಆಗ ದೊಡ್ಡ ಸುದ್ದಿ. ಅರೇಂಜರ್-ವರ್ಕ್‌ಸ್ಟೇಷನ್ ಎರಡನ್ನೂ ಬೆರೆಸಿ ಕೋರ್ಗ್ 1993ರಲ್ಲಿ ಐ3 ಅಂತ ತಂತು. ಇವತ್ತು ದುಬಾರಿ ಅರೇಂಜರ್‌ಗಳಲ್ಲಿ ಎರಡೂ ಗುಣ ಇರತ್ತೆ, ಆದರೆ ಅವು ನಮ್ಮ ತಾಲೂಕಿನ ಕಿಸೆಗೆ ಎಟುಕಲ್ಲ.

ಎಟುಕೋವು ಯಾವುವು? ಆರ್ಕೆಸ್ಟ್ರಾದವರ ಬಾಯಲ್ಲಿ ಯಾವಾಗ್ಲೂ ಕೇಳೋ ಹೆಸರು ರೋಲ್ಯಾಂಡ್ ಎಕ್ಸ್‌ಪಿಎಸ್-10. ನಮ್ಮ ದೇಶದ ದನಿಗಳು ಇದರೊಳಗೇ ಇವೆ. ಆದರೆ ಇದನ್ನ ತಗೊಂಡು ಮನೆಗೆ ಬಂದು ಸ್ವಿಚ್ ಹಾಕಿದವರಲ್ಲಿ ಎಷ್ಟೋ ಜನ ಗಾಬರಿ ಬಿದ್ದಿರ್ತಾರೆ: ಸೌಂಡೇ ಬರಲ್ಲ! ಯಾಕಂದ್ರೆ ಸ್ಪೀಕರ್ ಇರಲ್ಲ. ಹೆಡ್‌ಫೋನ್ ಬೇಕು, ಇಲ್ಲಾ ಆಂಪ್ಲಿಫೈಯರ್ ಬೇಕು, ಅದರ ಖರ್ಚು ಬೇರೆ. ಕಾರ್ಡ್ ಹಿಡಿದ್ರೆ ಜೊತೆಗೆ ನುಡಿಸೋ ಸ್ಟೈಲೂ ಇಲ್ಲ. ಇದು ಜೊತೆಗೆ ಪ್ಯಾಡ್, ಢೋಲಕ್, ತಬಲಾದವರು ಇರೋ ತಂಡಕ್ಕೆ ಸರಿ. ಒಬ್ಬನೇ ಕಾರ್ಯಕ್ರಮ ಕೊಡೋನಿಗೆ ಅಲ್ಲ. ಅದರ ಅಣ್ಣ ಎಕ್ಸ್‌ಪಿಎಸ್-30ರಲ್ಲಿ 8 ಟ್ರ್ಯಾಕ್‌ನ ಸೀಕ್ವೆನ್ಸರ್ ಇದೆ.

ಕೋರ್ಗ್ ಕ್ರಾಸ್ 2 ಇನ್ನೊಂದು. 61 ಕೀ ಇದ್ರೂ ತೂಕ ನಾಲ್ಕು ಕಿಲೋ ಒಳಗೆ. ಟಾರ್ಚಿಗೆ ಹಾಕೋ ಎಎ ಸೆಲ್ ಆರು ಹಾಕಿದ್ರೂ ನಡೆಯತ್ತೆ, 16 ಟ್ರ್ಯಾಕ್ ಸೀಕ್ವೆನ್ಸರ್ ಇದೆ. ಕರೆಂಟ್ ಯಾವಾಗ ಹೋಗತ್ತೋ ಗೊತ್ತಿಲ್ಲದ ಊರಲ್ಲಿ ಇದು ಸಣ್ಣ ಅನುಕೂಲ ಅಲ್ಲ. ಯಮಹಾ ಎಂಎಕ್ಸ್ ಸರಣಿ ನೋಡಿ ಮೋಸ ಹೋಗೋರೂ ಇದಾರೆ. ದನಿ ಬಹಳ ಚಂದ, ಕಂಪನಿಯ ದುಬಾರಿ ಮೋಟಿಫ್ ಮಾಡೆಲ್‌ನಿಂದ ತಂದ ದನಿಗಳು. ಆದರೆ ಟ್ರ್ಯಾಕ್ ರೆಕಾರ್ಡ್ ಮಾಡೋ ಸೀಕ್ವೆನ್ಸರ್ ಒಳಗಿಲ್ಲ, ಅದಕ್ಕೆ ಕಂಪ್ಯೂಟರೇ ಬೇಕು. ಕಂಪ್ಯೂಟರ್ ಇದ್ದವರಿಗೆ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಆಡಿಯೋನೂ ಹೋಗೋದ್ರಿಂದ ಅನುಕೂಲವೇ.

ಸ್ವಂತ ಹಾಡು ಮಾಡೋರಿಗೆ

ಈಗ ಯೂಟ್ಯೂಬ್ ಚಾನೆಲ್ ಇಲ್ಲದ ಓಣಿ ಇಲ್ಲ. ಸ್ವಂತ ಜಾನಪದ ಗೀತೆ ಬರೆದು, ರಾಗ ಹಾಕಿ ಬಿಡೋ ಹುಡುಗರು ಹೆಚ್ಚಾಗಿದಾರೆ. ಅವರಿಗೆ ರೆಡಿ ರಿದಂ ಒಂದು ಹಂತದವರೆಗೆ ಮಾತ್ರ ಉಪಯೋಗ. ಭಾಂಗ್ಡಾ, ಗರ್ಬಾ ಸಲೀಸಾಗಿ ಸಿಗತ್ತೆ. ಡೊಳ್ಳು, ಹಲಗೆ ಬಡಿತ ಹುಡುಕಿದ್ರೆ ನಿರಾಸೆ. ಎಲ್ಲರೂ ಅದೇ ಡಬ್ಬಿಯ ಅದೇ ರಿದಂ ಒತ್ತಿದ್ರೆ ರೋಣದ ಹಾಡೂ ಮುಂಡರಗಿ ಹಾಡೂ ಒಂದೇ ಥರ ಕೇಳತ್ತೆ, ಈಗ ಆಗ್ತಿರೋದೂ ಅದೇ.

ದಾರಿ ಎರಡಿದೆ. ಒಂದು, ರಿದಂ ತಿದ್ದೋ ಸೌಲಭ್ಯ. ಕ್ಯಾಸಿಯೋ ಸಿಟಿ-ಎಕ್ಸ್5000ದಲ್ಲಿ ರಿದಂ ಎಡಿಟರ್ ಇದೆ, 17 ಟ್ರ್ಯಾಕ್ ರೆಕಾರ್ಡಿಂಗೂ ಇದೆ. ಇದೇ ಸರಣಿಯ ಕೆಳಗಿನ ಸಿಟಿ-ಎಕ್ಸ್700ರಲ್ಲಿ ಆ ಎಡಿಟರ್ ಇಲ್ಲ. ಹೆಸರು ಹತ್ತಿರ ಹತ್ತಿರ ಇದ್ರೂ ಕೆಲಸ ದೂರ. ಎರಡು, ಸ್ಯಾಂಪ್ಲಿಂಗ್. ಎಕ್ಸ್‌ಪಿಎಸ್-10ಕ್ಕೆ ಪೆನ್‌ಡ್ರೈವ್‌ನಿಂದ ವೇವ್ ಫೈಲ್ ಹಾಕಬಹುದು. ಅಂದ್ರೆ, ಊರಲ್ಲಿ ಹಲಗೆ ಬಡಿಯೋರನ್ನ ಕೂರಿಸಿ, ಒಂದೊಂದೇ ಪೆಟ್ಟು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ, ಹಿಂದೆ-ಮುಂದೆ ಕತ್ತರಿಸಿ ಕೀಗೆ ಕೂರಿಸೋದು. ಬಡಿದವರಿಗೆ ದುಡ್ಡು ಕೊಡೋದು ಮರೀಬೇಡಿ. ಅವರ ಪೆಟ್ಟು ಮುಂದೆ ನೂರು ಸ್ಟೇಜ್ ಮೇಲೆ ಅವರಿಲ್ಲದೇ ಕೇಳತ್ತೆ. ಈ ಟೋನ್‌ಗಳನ್ನ ಪೆನ್‌ಡ್ರೈವ್‌ನಲ್ಲಿ ಮಾರೋ ವ್ಯಾಪಾರವೂ ಜೋರಾಗಿದೆ. ತಗೊಳ್ಳೋದಾದ್ರೆ ನಿಮ್ಮ ಕೀಬೋರ್ಡ್‌ನಲ್ಲೇ ಹಾಕಿ, ಕೇಳಿ, ಆಮೇಲೆ ದುಡ್ಡು ಕೊಡಿ. ಮೊದಲು ನಿಮ್ಮ ಹಳೇ ಸೆಟ್ಟಿಂಗ್‌ನ ಒಂದು ಕಾಪಿ ಬೇರೆ ಪೆನ್‌ಡ್ರೈವ್‌ಗೆ ತಗೊಂಡಿರಿ.

ಪೇಟಿಯಿಂದ ಬಂದವರಿಗೆ

ಗದಗ ಅಂದ್ರೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ಕಾಲದಿಂದ ಪೇಟಿ ಹಿಡಿದವರು ಈ ಭಾಗದಲ್ಲಿ ಬಹಳ. ಅಂಥವರು ಕೀಬೋರ್ಡ್‌ಗೆ ಬಂದಾಗ ಮೂರು ತೊಂದರೆ ಬರ್ತವೆ.

ಪೇಟಿಯಲ್ಲಿ ಕೀ ಮೆಲ್ಲಗೆ ಒತ್ತಿದ್ರೂ ಜೋರಾಗಿ ಒತ್ತಿದ್ರೂ ದನಿ ಒಂದೇ, ಏರಿಳಿತ ತಿದಿಯಿಂದ. ಇಲ್ಲಿ ಟಚ್ ಇರೋ ಕೀ, ಮೆಲ್ಲಗೆ ಒತ್ತಿದ್ರೆ ದನಿ ಸಣ್ಣ. ‘ಮೆಷಿನ್ ಸರಿ ಇಲ್ಲ’ ಅಂತ ವಾಪಸ್ ತರೋರು ಮೆನುವಿನಲ್ಲಿ ಟಚ್ ಆಫ್ ಮಾಡಿದ್ರೆ ಮುಗೀತು. ಎರಡನೇದು ಶ್ರುತಿ. ಗಾಯಕರು ಕರಿ 1 ಅಂದ್ರೂ ಕರಿ 2 ಅಂದ್ರೂ ಟ್ರಾನ್ಸ್‌ಪೋಸ್ ಬಟನ್‌ನಲ್ಲಿ ಏರಿಸಿ-ಇಳಿಸಿ, ಬೆರಳು ಅದೇ ಜಾಗದಲ್ಲಿ ಇಟ್ಕೊಬಹುದು. ಮುಂದಿನ ಹಾಡಿಗೆ ಮುಂಚೆ ಸೊನ್ನೆಗೆ ತರೋದು ಮರೆತು ಸ್ಟೇಜ್ ಮೇಲೆ ಮಾನ ಕಳ್ಕೊಂಡವರು ಕಡಿಮೆ ಇಲ್ಲ.

ಮೂರನೇದೇ ದೊಡ್ಡದು. ಕೀಬೋರ್ಡ್‌ನಲ್ಲಿ ಸಪ್ತಕವನ್ನ ಹನ್ನೆರಡು ಸಮಭಾಗ ಮಾಡಿರ್ತಾರೆ. ತಂಬೂರಿ ಜೊತೆ ಕೂಡೋ ಶುದ್ಧ ಗಾಂಧಾರ ಅದಕ್ಕಿಂತ ತುಸು ಕೆಳಗೆ, ಅರ್ಧ ಸ್ವರವನ್ನ ನೂರು ಪಾಲು ಮಾಡಿದ್ರೆ ಸುಮಾರು 14 ಪಾಲು. ನಿಧಾನದ ಹಾಡಲ್ಲಿ ಇದು ಕಿವಿಗೆ ಚುಚ್ಚತ್ತೆ. ಸ್ಕೇಲ್ ಟ್ಯೂನ್ ಸೌಲಭ್ಯ ಇರೋ ಕೀಬೋರ್ಡ್‌ನಲ್ಲಿ ಒಂದೊಂದು ಸ್ವರವನ್ನ ಬೇರೆಬೇರೆಯಾಗಿ ಇಳಿಸಬಹುದು. ಮೀಂಡ್, ಗಮಕಕ್ಕೆ ಎಡಗಡೆ ಇರೋ ಪಿಚ್ ಬೆಂಡ್ ಚಕ್ರವೇ ಗತಿ. ಇದರಲ್ಲೇ ಕರ್ನಾಟಕ ಸಂಗೀತದ ಇಡೀ ಕಚೇರಿ ಮಾಡಿ ತೋರಿಸಿದವರು ಕೀಬೋರ್ಡ್ ಸತ್ಯನಾರಾಯಣನ್. ಆದ್ದರಿಂದ ಚಕ್ರ ಇಲ್ಲದ ಮಾಡೆಲ್ ಎಷ್ಟೇ ಅಗ್ಗ ಇದ್ರೂ ಶಾಸ್ತ್ರೀಯ, ಸುಗಮ ಸಂಗೀತದವರು ಮುಟ್ಟದೇ ಇರೋದು ಒಳ್ಳೇದು.

ವೈರ್, ಅಡಾಪ್ಟರ್, ಸೆಕೆಂಡ್ ಹ್ಯಾಂಡ್

ಕೀಬೋರ್ಡ್ ರಿಪೇರಿಗೆ ಬರೋದಕ್ಕೆ ತಪ್ಪು ಅಡಾಪ್ಟರ್ ಒಂದು ಮುಖ್ಯ ಕಾರಣ. ಯಮಹಾ ಪಿಎಸ್‌ಆರ್‌ಗಳಿಗೆ ಸಾಮಾನ್ಯವಾಗಿ 12 ವೋಲ್ಟ್, ಪಿನ್ ನಡುವೆ ಪ್ಲಸ್. ರೋಲ್ಯಾಂಡ್‌ನ ಬಹಳಷ್ಟಕ್ಕೆ 9 ವೋಲ್ಟ್, ನಡುವೆ ಮೈನಸ್. ಪಿನ್ ಕೂರತ್ತೆ ಅಂತ ಯಾರದೋ ಅಡಾಪ್ಟರ್ ಚುಚ್ಚಿದ್ರೆ ಬೋರ್ಡ್ ಹೋಗಬಹುದು. ಡಬ್ಬಿ ಹಿಂದೆ ಜಾಕ್ ಪಕ್ಕ ಚಿತ್ರ ಇರತ್ತೆ, ನೋಡಿ ಹಾಕಿ. ಜನರೇಟರ್ ಮೇಲೆ ನಡೆಯೋ ಕಾರ್ಯಕ್ರಮದಲ್ಲಿ ಲೈಟಿಂಗ್ ಇರೋ ಬೋರ್ಡ್‌ಗೇ ಕೀಬೋರ್ಡ್ ಕೊಡಬೇಡಿ, ಬೇರೆ ಲೈನ್ ಕೇಳಿ.

ಸೌಂಡ್ ಸಿಸ್ಟಂನವರ ಗಮನಕ್ಕೆ: ಸಣ್ಣ ಕೀಬೋರ್ಡ್‌ನಲ್ಲಿ ಹೆಡ್‌ಫೋನ್, ಔಟ್‌ಪುಟ್ ಎರಡಕ್ಕೂ ಒಂದೇ ಸ್ಟೀರಿಯೋ ಜಾಕ್ ಇರತ್ತೆ. ಅದಕ್ಕೆ ಮೈಕಿನ ಮೋನೋ ಕೇಬಲ್ ಹಾಕಿದ್ರೆ ಒಂದು ಕಡೆಯ ಸೌಂಡ್ ಮಾತ್ರ ಬರತ್ತೆ. ಒಂದು ತುದಿ ಸ್ಟೀರಿಯೋ, ಇನ್ನೊಂದು ತುದಿ ಎರಡು ಪಿನ್ ಇರೋ ಕೇಬಲ್ ಇಟ್ಕೊಳ್ಳಿ. ಜಾಕ್ ಹಾಕಿದ ಕೂಡಲೇ ಕೀಬೋರ್ಡ್‌ನ ಸ್ವಂತ ಸ್ಪೀಕರ್ ಬಂದ್ ಆಗತ್ತೆ, ಹಾಗಾಗಿ ನುಡಿಸೋನ ಮುಂದೆ ಮಾನಿಟರ್ ಇಡಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಎಡಗಡೆಯಿಂದ ಬಲಗಡೆವರೆಗೆ ಎಲ್ಲಾ 61 ಕೀ ಒಂದೊಂದಾಗಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ನೋಡಿ. ಯಾವುದಾದ್ರೂ ಕೀ ಮೆಲ್ಲಗೆ ಒತ್ತಿದಾಗ್ಲೂ ಚೀರಿದ್ರೆ ಒಳಗಿನ ಕಾಂಟ್ಯಾಕ್ಟ್ ರಬ್ಬರ್‌ಗೆ ಧೂಳು ಹಿಡಿದಿದೆ ಇಲ್ಲಾ ಸವೆದಿದೆ ಅಂತ ಅರ್ಥ. ಒಂದೆರಡು ಕೀ ಆದ್ರೆ ರೇಟ್ ಇಳಿಸಿ ತಗೊಬಹುದು, ಕ್ಲೀನ್ ಮಾಡಿದ್ರೆ ಸರಿಹೋಗೋದೂ ಉಂಟು. ಪಿಚ್ ಬೆಂಡ್ ಚಕ್ರ ಬಿಟ್ಟಾಗ ಸ್ವರ ತನ್ನ ಜಾಗಕ್ಕೆ ವಾಪಸ್ ಬರಬೇಕು. ನಿಮ್ಮದೇ ಪೆನ್‌ಡ್ರೈವ್ ಒಯ್ದು ಹಾಕಿ ನೋಡಿ. ಫ್ಲಾಪಿ ಹಾಕೋ ಹಳೇ ಮಾಡೆಲ್ ಎಷ್ಟೇ ಚಂದ ಕಂಡ್ರೂ ಬೇಡ, ಫ್ಲಾಪಿ ಹುಡುಕೋದೇ ಇನ್ನೊಂದು ಕೆಲಸ ಆಗತ್ತೆ. ಇಷ್ಟು ನೋಡೋಕೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ನುಡಿಸೋಕೆ ಬಿಡದೇ ‘ಬೇಗ ಹೇಳ್ರಿ, ಇನ್ನೊಬ್ಬರು ಬರೋರಿದಾರ’ ಅನ್ನೋರ ಹತ್ತಿರ ತಗೊಬೇಡಿ.