ಸಾನಮಾವಿನಿಂದ ಸಫಾರಿಗೆ: ಹೊರಡುವ ಮುನ್ನ ಪೋಷಕರು ತಿಳಿಯಬೇಕಾದದ್ದು

ಸಾನಮಾವಿನ ಸುತ್ತಲಿನ ಊರುಗಳ ಮಕ್ಕಳಿಗೆ ಆನೆ ತೋರಿಸಲು ಹಣ ಖರ್ಚು ಮಾಡಿ ಸಫಾರಿಗೆ ಕರೆದೊಯ್ಯಬೇಕೇ? ಶಾಲಾ ಪ್ರವಾಸದ ಮಾತು ಬಂದಾಗಲೆಲ್ಲ ಪೋಷಕರು ಈ ಪ್ರಶ್ನೆಯನ್ನು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹೊಸೂರು–ರಾಯಕೋಟೆ ರಸ್ತೆಗೆ ಹೊಂದಿಕೊಂಡಿರುವ ಸಾನಮಾವು ಮೀಸಲು ಅರಣ್ಯಕ್ಕೆ ಚಳಿಗಾಲದಲ್ಲಿ ಆನೆಗಳು ತಾವಾಗಿಯೇ ಬರುತ್ತವೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಹೊಲಕ್ಕೂ ಇಳಿಯುತ್ತವೆ. ಮನೆಯ ಬಾಗಿಲಿಗೆ ಬರುವುದನ್ನು ನೋಡಲು ಇನ್ನೂರೈವತ್ತು ಕಿಲೋಮೀಟರ್ ಹೋಗುವುದೇಕೆ?

ಹೋಗಬೇಕು ಎಂಬುದೇ ನನ್ನ ಉತ್ತರ. ನಮ್ಮ ಮಕ್ಕಳು ಆನೆಯನ್ನು ಕಂಡಿರುವುದು ರಾತ್ರಿಯ ಪಟಾಕಿ ಸದ್ದಿನ ನಡುವೆ, ತುಳಿದುಹೋದ ಪೈರಿನ ನಡುವೆ, ಇಲ್ಲವೇ ಯಾರೋ ಓಡುತ್ತ ತೆಗೆದ ಮೊಬೈಲ್ ವಿಡಿಯೊದಲ್ಲಿ. ಬೆದರದ ಆನೆ ಹೇಗಿರುತ್ತದೆ, ತಾಯಿ ತನ್ನ ಮರಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಹೇಗೆ ಮೇಯುತ್ತದೆ ಎಂಬುದನ್ನು ಅವರಲ್ಲಿ ಹೆಚ್ಚಿನವರು ನೋಡಿಲ್ಲ. ಸರಿಯಾದ ದೂರದಿಂದ, ಸರಿಯಾದ ರೀತಿಯಲ್ಲಿ ಒಮ್ಮೆ ನೋಡಿದ ಮಗು ಊರ ಬದಿಗೆ ಹಿಂಡು ಬಂದಾಗ ಅದರ ಹಿಂದೆ ಓಡುವ ಸಂಭವ ಕಡಿಮೆ. ಪ್ರವಾಸದ ಖರ್ಚಿಗೆ ನನ್ನ ಮಟ್ಟಿಗೆ ಇಷ್ಟು ಸಮರ್ಥನೆ ಸಾಕು.

ಸಫಾರಿ ಎಂಬ ಮಾತು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯದು, ಅದರ ಅರ್ಥ ಪ್ರಯಾಣ. ಸ್ವಾಹಿಲಿಗೆ ಅದು ಅರಬ್ಬಿಯಿಂದ ಬಂತು. ನಮ್ಮ ಹೊಸೂರಿನ ಉರ್ದು ಮನೆಗಳಲ್ಲಿ ಪ್ರಯಾಣಕ್ಕೆ ಹೇಳುವ ‘ಸಫರ್’ ಕೂಡ ಅದೇ ಮೂಲದ್ದು. ಸಫಾರಿ ಎಂದೊಡನೆ ಮಕ್ಕಳ ಕಣ್ಣಿಗೆ ಕಟ್ಟುವುದು ಟಿವಿಯ ದೃಶ್ಯ: ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ, ಕಣ್ಣು ಹಾಯುವವರೆಗೂ ಹುಲ್ಲು, ಹತ್ತು ಲಕ್ಷಕ್ಕೂ ಮೀರಿದ ವಿಲ್ಡಬೀಸ್ಟ್‌ಗಳ ವಲಸೆ. ಅಲ್ಲಿ ಕಿಲೋಮೀಟರ್ ದೂರದ ಸಿಂಹವೂ ಕಾಣುತ್ತದೆ. ನಮ್ಮ ನಾಡಿನ ಕಾಡು ಹಾಗಿಲ್ಲ. ಎಲೆಯುದುರುವ ಮರ, ಮುಳ್ಳುಪೊದೆ, ಎಲ್ಲೆಡೆ ಹಬ್ಬಿದ ಲಂಟಾನ. ಇಪ್ಪತ್ತು ಅಡಿ ಆಚೆ ನಿಂತ ಆನೆಯೂ ಕಾಣದೆ ಹೋಗಬಹುದು. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಇಲ್ಲವಾದರೆ ಹುಲಿ ಕಾಣಲಿಲ್ಲವೆಂದು ಮುಖ ಊದಿಸಿಕೊಂಡು ಮರಳುತ್ತಾರೆ.

ಆದರೆ ವಲಸೆ ಎಂಬುದು ಸೆರೆಂಗೆಟಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಆನೆಗಳದೂ ವಲಸೆಯೇ. ಮಳೆಗಾಲ ಮುಗಿಯುತ್ತಿದ್ದಂತೆ ಬನ್ನೇರುಘಟ್ಟದ ಕಾಡಿನಿಂದ ಹಿಂಡುಗಳು ತಳಿ, ಜವಳಗಿರಿ ಕಡೆಗೆ ಬಂದು, ಡೆಂಕಣಿಕೋಟೆ, ನೊಗನೂರು, ಉದೇದುರ್ಗದ ಕಾಡುಗಳನ್ನು ದಾಟಿ ಸಾನಮಾವಿಗೆ ತಲುಪುತ್ತವೆ. ಕೆಲವು ಇನ್ನೂ ಮುಂದಕ್ಕೆ, ಆಂಧ್ರದ ಕಡೆಗೂ ಹೋದದ್ದುಂಟು. ಅಂದರೆ ನಾವು ಗಡಿ ಎಂದು ಕರೆಯುವ ಗೆರೆಯನ್ನು ಅವು ಪ್ರತಿ ವರ್ಷ ದಾಟುತ್ತವೆ. ಭಾಷಾವಾರು ಪ್ರಾಂತ್ಯ ರಚನೆ ಅವುಗಳಿಗೆ ಅನ್ವಯಿಸಿಲ್ಲ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ತುಂಡು ತುಂಡಾದ ಕಾಡುಗಳ ನಡುವೆ ರಾಗಿ ಹೊಲ, ಟೊಮ್ಯಾಟೊ ತೋಟ, ಕಾರ್ಖಾನೆ, ಹೆದ್ದಾರಿ ಬಂದಿವೆ. ಹಾದಿ ಮಾತ್ರ ಹಳೆಯದೇ.

ಆದ್ದರಿಂದ ಯೋಜನೆಯ ಮೊದಲ ನಿಯಮ ಇದು: ಸಾನಮಾವನ್ನು ಸಫಾರಿಯ ಜಾಗವೆಂದು ಭಾವಿಸಬೇಡಿ. ಅಲ್ಲಿ ಸಫಾರಿ ವಾಹನವಿಲ್ಲ, ಮಾರ್ಗದರ್ಶಕರಿಲ್ಲ. ಹಿಂಡು ಬಂದ ಸುದ್ದಿ ಕೇಳಿ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಾಡಂಚಿಗೆ ಹೋಗುವ ತಂದೆಯರನ್ನು ನಾನು ಬಲ್ಲೆ. ಆ ಹೊತ್ತಿನಲ್ಲಿ ಆನೆ ಹಗಲೆಲ್ಲ ಜನರ ಕೂಗಾಟ ಕೇಳಿ ರೋಸಿರುತ್ತದೆ. ಜೊತೆಯಲ್ಲಿ ಮರಿಯಿದ್ದರಂತೂ ಹೇಳುವುದೇ ಬೇಡ. ಓಡುವ ಮನುಷ್ಯನಿಗಿಂತ ವೇಗವಾಗಿ ಅದು ನುಗ್ಗಬಲ್ಲದು. ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗಬೇಡಿ ಎಂದು ಅರಣ್ಯ ಇಲಾಖೆ ಎಚ್ಚರಿಸುವ ದಿನಗಳಲ್ಲಿ ನಸುಕಿನಲ್ಲಿ ಒಂಟಿಯಾಗಿ ಹೊಲದ ಹಾದಿ ಹಿಡಿಯುವುದೂ, ಮಕ್ಕಳನ್ನು ಕಾಡಂಚಿನ ಅಡ್ಡದಾರಿಯಲ್ಲಿ ಶಾಲೆಗೆ ಕಳುಹಿಸುವುದೂ ಸಲ್ಲದು.

ಇನ್ನು ಹೋಗುವುದೆಲ್ಲಿಗೆ? ಚಿಕ್ಕ ಮಕ್ಕಳಿದ್ದರೆ, ಒಂದೇ ದಿನದಲ್ಲಿ ಹೋಗಿ ಬರಬೇಕಾದರೆ, ಆನೇಕಲ್ ಕಡೆಯಿಂದ ಬನ್ನೇರುಘಟ್ಟ ಜೈವಿಕ ಉದ್ಯಾನ. ಮಂಗಳವಾರ ರಜೆ. ಇದನ್ನು ಮರೆತು ಬಸ್ಸು ತುಂಬಿಸಿಕೊಂಡು ಹೋದ ಶಾಲೆಗಳಿವೆ. ಅಲ್ಲಿನ ಸಿಂಹ, ಹುಲಿ, ಕರಡಿಗಳು ಬೇಲಿಯೊಳಗಿನ ವಿಶಾಲ ಆವರಣಗಳಲ್ಲಿ ಇರುವಂಥವು, ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವಂಥವಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಕರ್ನಾಟಕದ ಯಾವ ಕಾಡಿನಲ್ಲೂ ಸಿಂಹವಿಲ್ಲ. ಭಾರತದಲ್ಲಿ ಕಾಡು ಸಿಂಹ ಉಳಿದಿರುವುದು ಗುಜರಾತಿನ ಗಿರ್ ಪ್ರದೇಶದಲ್ಲಿ ಮಾತ್ರ. ಉದ್ಯಾನಕ್ಕೆ ಹೊಂದಿಕೊಂಡಿರುವ ರಾಷ್ಟ್ರೀಯ ಉದ್ಯಾನವೇ ನಮ್ಮ ಸಾನಮಾವಿಗೆ ಬರುವ ಆನೆಗಳ ನೆಲೆ. ಕೀನ್ಯಾದ ರಾಜಧಾನಿ ನೈರೋಬಿಯ ಅಂಚಿನಲ್ಲೇ 1946ರಿಂದ ಒಂದು ರಾಷ್ಟ್ರೀಯ ಉದ್ಯಾನವಿದೆ. ಬೆಂಗಳೂರು ಮತ್ತು ಬನ್ನೇರುಘಟ್ಟದ ಪಾಡೂ ಹೆಚ್ಚುಕಡಿಮೆ ಅಂಥದ್ದೇ.

ನಿಜವಾದ ಕಾಡಿನ ಸಫಾರಿಗೆ ಮೈಸೂರು ದಾಟಬೇಕು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದಕ್ಕೆ ಸೇರಿದ ಬಂಡೀಪುರ, ಅದರ ಪಕ್ಕದ ನಾಗರಹೊಳೆ, ಗಡಿಯಾಚೆ ತಮಿಳುನಾಡಿನ ಮುದುಮಲೆ, ಈ ಮೂರೂ ಒಂದಕ್ಕೊಂದು ಅಂಟಿಕೊಂಡ ಕಾಡುಗಳು. ನಾಗರಹೊಳೆಯ ಕಬಿನಿ ಭಾಗದ ಸಫಾರಿ ಹೊರಡುವುದು ದಮ್ಮನಕಟ್ಟೆಯಿಂದ. ಅಲ್ಲಿಯೇ ಹತ್ತಿರದ ಕಾಕನಕೋಟೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು; 1971ರದ್ದೇ ಕೊನೆಯದು.

ಮುದುಮಲೆಗೆ ಹೋಗುವವರು ಎರಡು ಸಂಗತಿ ನೆನಪಿಡಬೇಕು. ನೀಲಗಿರಿ ಜಿಲ್ಲೆ ಪ್ರವೇಶಿಸುವ ಪ್ರವಾಸಿ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಕಡ್ಡಾಯವಾಗಿದೆ. ಬಂಡೀಪುರದ ಮೂಲಕ ಹೋಗುವ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಹೊಸೂರಿನಿಂದ ಮಧ್ಯಾಹ್ನ ಹೊರಟವರು ಗೇಟಿನ ಮುಂದೆ ರಾತ್ರಿ ಕಳೆಯಬೇಕಾದೀತು. ಈ ಕಷ್ಟಗಳಿದ್ದರೂ ಮುದುಮಲೆಯ ತೆಪ್ಪಕಾಡು ಆನೆ ಶಿಬಿರವನ್ನು ನಮ್ಮ ಮಕ್ಕಳು ನೋಡಲೇಬೇಕು. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರ ನಡೆಯುವುದು ಅಲ್ಲಿ. ಅದರಲ್ಲಿ ಬೊಮ್ಮನ್ ಮತ್ತು ಬೆಳ್ಳಿ ದಂಪತಿ ಸಾಕುವ ಮರಿಯಾನೆ ರಘು ಎಲ್ಲಿಯದೋ ಅಲ್ಲ, 2017ರಲ್ಲಿ ನಮ್ಮ ಹೊಸೂರು ಅರಣ್ಯ ವಿಭಾಗದಲ್ಲಿ ತಾಯಿಯಿಲ್ಲದೆ ಸಿಕ್ಕಿದ ಮರಿ. ಆ ದಂಪತಿ ಸೇರಿದ ಕಾಟ್ಟುನಾಯಕ ಸಮುದಾಯದ ಮನೆಮಾತು ಕನ್ನಡಕ್ಕೆ ಬಲು ಹತ್ತಿರದ್ದು. ಜಗತ್ತೆಲ್ಲ ನೋಡಿದ ಆನೆಮರಿ ನಮ್ಮ ಕಾಡಿನದು ಎಂಬುದು ನಮ್ಮ ಶಾಲೆಯ ಎಷ್ಟು ಮಕ್ಕಳಿಗೆ ಗೊತ್ತು? ಬೆಳಿಗ್ಗೆ ಮತ್ತು ಸಂಜೆ ಆನೆಗಳಿಗೆ ಮುದ್ದೆ ತಿನ್ನಿಸುವ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ.

ಯಾವಾಗ ಹೋಗಬೇಕೆಂಬುದನ್ನು ಶಾಲೆಯ ರಜೆಯೇ ನಿರ್ಧರಿಸುತ್ತದೆ. ಡಿಸೆಂಬರಿನ ಅರೆವಾರ್ಷಿಕ ರಜೆಯಲ್ಲಿ ಕಾಡು ಇನ್ನೂ ಹಸಿರಾಗಿ ದಟ್ಟವಾಗಿರುತ್ತದೆ, ಎಲ್ಲೆಡೆ ನೀರಿರುವುದರಿಂದ ಪ್ರಾಣಿಗಳು ಚದುರಿರುತ್ತವೆ. ಅಕ್ಟೋಬರಿನಲ್ಲಿ ಮೈಸೂರು ದಸರೆಯ ಜನಸಂದಣಿ, ಉಳಿಯಲು ಜಾಗ ಸಿಗುವುದೇ ಕಷ್ಟ. ತಮಿಳುನಾಡಿನ ಶಾಲೆಗಳಿಗೆ ಒದಗಿಬರುವ ಕಾಲವೆಂದರೆ ವಾರ್ಷಿಕ ಪರೀಕ್ಷೆ ಮುಗಿದ ಏಪ್ರಿಲ್ ಕೊನೆ ಮತ್ತು ಮೇ. ಆಗ ಕಬಿನಿ ಜಲಾಶಯದ ಹಿನ್ನೀರು ಇಳಿದು, ಬಯಲಾದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡುಗಳ ಆನೆಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಜಗತ್ತಿನಲ್ಲೇ ವಿರಳ. ಸವನ್ನಾದಂತೆ ಬಯಲಿನಲ್ಲಿ ಪ್ರಾಣಿಗಳನ್ನು ನೋಡಬೇಕೆಂಬ ಮಕ್ಕಳ ಆಸೆ ಆಫ್ರಿಕಾಕ್ಕೆ ಹೋಗದೆ ಈಡೇರುವುದು ಅಲ್ಲಿಯೇ.

ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಈಗ ಔಪಚಾರಿಕತೆಯಲ್ಲ. 2025ರ ನವೆಂಬರಿನಲ್ಲಿ, ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ, ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ ಆದೇಶಿಸಿತು. ಸಫಾರಿಯ ಸಿಬ್ಬಂದಿಯನ್ನೂ ವಾಹನಗಳನ್ನೂ ಹುಲಿ ಪತ್ತೆಗೆ ಬಳಸಬೇಕೆಂಬುದು ಆಗಿನ ತೀರ್ಮಾನ. ಸಫಾರಿ ವಾಹನಗಳ ಓಡಾಟವೇ ಪ್ರಾಣಿಗಳನ್ನು ಊರಿಗೆ ಅಟ್ಟುತ್ತದೆ ಎಂಬುದು ಅಲ್ಲಿನ ರೈತರ ದೂರಾಗಿತ್ತು. ಆ ವಾದ ಪೂರ್ತಿ ಸರಿಯೋ ಅಲ್ಲವೋ, ಅದರ ಹಿಂದಿನ ಸಿಟ್ಟು ಸಾನಮಾವಿನವರಿಗೆ ಅರ್ಥವಾಗದ್ದೇನಲ್ಲ. ಪೇಟೆಯವರು ಪ್ರಾಣಿ ನೋಡಿ ಸಂತೋಷಪಟ್ಟು ಹೋಗುತ್ತಾರೆ, ಬೆಳೆ ಕಳೆದುಕೊಳ್ಳುವವನು ಬೇರೆ. ಮಸಾಯಿ ಮಾರಾದ ಸುತ್ತಲಿನ ಕನ್ಸರ್ವೆನ್ಸಿಗಳಲ್ಲಿ ಪ್ರವಾಸೋದ್ಯಮ ನಡೆಸುವವರು ಜಮೀನಿನ ಒಡೆಯರಾದ ಮಸಾಯಿ ಕುಟುಂಬಗಳಿಗೆ ನಿಗದಿತ ಬಾಡಿಗೆ ಕೊಡುತ್ತಾರೆ. ಸಿಂಹ ಬದುಕಿದ್ದರೆ ತಮಗೂ ಆದಾಯವೆಂಬ ಲೆಕ್ಕ ಅಲ್ಲಿದೆ. ನಮ್ಮಲ್ಲಿ ಆನೆ ತುಳಿದ ಹೊಲದ ರೈತನಿಗೆ ಇರುವುದು ಅರ್ಜಿ ಬರೆದು ಪರಿಹಾರಕ್ಕೆ ಕಾಯುವ ದಾರಿ. ಮಕ್ಕಳೊಡನೆ ಈ ಮಾತನ್ನೂ ಆಡಬೇಕು. ಎಂಟನೇ ತರಗತಿಯ ಮಗುವಿಗೆ ಇದು ಖಂಡಿತ ಅರ್ಥವಾಗುತ್ತದೆ.

ಬುಕಿಂಗ್ ಅನ್ನು ಆಯಾ ಅರಣ್ಯ ಇಲಾಖೆಯ ಅಥವಾ ಉದ್ಯಾನದ ಅಧಿಕೃತ ಜಾಲತಾಣದಲ್ಲಿಯೇ ಮಾಡಿ. ನಡುವಿನವರಿಗೆ ಮುಂಗಡ ಕೊಡಬೇಡಿ. ಶಾಲೆಯಿಂದ ಹೋಗುವುದಾದರೆ ಮುಖ್ಯೋಪಾಧ್ಯಾಯರ ಪತ್ರ, ಮಕ್ಕಳ ಪಟ್ಟಿ, ಗುರುತಿನ ಚೀಟಿ ಮೊದಲೇ ಸಿದ್ಧವಿರಲಿ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಬರೆದು ಕೇಳಿ. ಬೆಳಗಿನ ಸಫಾರಿ ಸಂಜೆಯದಕ್ಕಿಂತ ಮೇಲು, ಆದರೆ ಅದಕ್ಕೆ ಹಿಂದಿನ ರಾತ್ರಿ ಹತ್ತಿರದಲ್ಲೇ ತಂಗಬೇಕು. ಗುಂಡ್ಲುಪೇಟೆಯಲ್ಲಿ ಅಥವಾ ಎಚ್.ಡಿ. ಕೋಟೆಯಲ್ಲಿ ತಂಗಿದರೆ ಕಾಡಿನ ರೆಸಾರ್ಟುಗಳ ದುಬಾರಿ ಬಾಡಿಗೆ ತಪ್ಪುತ್ತದೆ.

ವಾಹನದಲ್ಲಿ ಕುಳಿತ ಮೇಲೆ ಇಳಿಯುವಂತಿಲ್ಲ, ಕೂಗುವಂತಿಲ್ಲ, ತಿನ್ನಲು ಏನನ್ನೂ ಎಸೆಯುವಂತಿಲ್ಲ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ, ಕಡುವಾಸನೆಯ ಅತ್ತರು ಬೇಡ. ಕರ್ನಾಟಕದ ಕಾಡುಗಳಲ್ಲಿ ಚಾಲಕರೂ ಮಾರ್ಗದರ್ಶಕರೂ ಕನ್ನಡದವರು. ನಮ್ಮ ಮಕ್ಕಳು ಸಂಕೋಚವಿಲ್ಲದೆ ಪ್ರಶ್ನೆ ಕೇಳಬಹುದಾದ ಅಪರೂಪದ ಅವಕಾಶ ಅದು. ಸೀಳುನಾಯಿ, ಕಾಟಿ, ಕಡವೆ, ಮುಸುವ ಎಂಬ ಹೆಸರುಗಳನ್ನು ಅವರ ಬಾಯಿಂದಲೇ ಕೇಳಲಿ. ಆನೆ ಕಂಡಾಗ ನೋಡಬೇಕಾದ ಗುರುತುಗಳನ್ನು ಮುಂಚೆಯೇ ಕಲಿಸಿ. ಕಿವಿ ನಿಧಾನವಾಗಿ ಬೀಸುತ್ತಿದ್ದರೆ, ಬಾಲ ಆಡುತ್ತಿದ್ದರೆ ಅದು ನೆಮ್ಮದಿಯಾಗಿದೆ. ಕಿವಿ ಅಗಲಿಸಿ, ಬಾಲ ನೆಟ್ಟಗೆ ಮಾಡಿ, ಅಲುಗದೆ ನಿಂತರೆ ನಾವು ತೀರ ಹತ್ತಿರ ಬಂದಿದ್ದೇವೆ. ಕಣ್ಣು ಮತ್ತು ಕಿವಿಯ ನಡುವಿನಿಂದ ದ್ರವ ಇಳಿಯುತ್ತಿದ್ದರೆ ಗಂಡಾನೆಗೆ ಮದವೇರಿದೆ. ಹೆಣ್ಣಾನೆಗೆ ನಮ್ಮಲ್ಲಿ ಹೊರಗೆ ಕಾಣುವ ದಂತವಿಲ್ಲ, ಆಫ್ರಿಕಾದ ಹೆಣ್ಣಾನೆಗಳಿಗೆ ಉಂಟು.

ಪ್ರತಿ ಮಗುವಿನ ಕೈಯಲ್ಲಿ ಒಂದು ಪುಸ್ತಕವಿರಲಿ. ಕಂಡ ಪ್ರಾಣಿ, ಹೊತ್ತು, ಜಾಗ, ಅದು ಏನು ಮಾಡುತ್ತಿತ್ತು ಎಂಬಷ್ಟನ್ನು ಕನ್ನಡದಲ್ಲಿ ಬರೆದುಕೊಳ್ಳಲಿ. ಮರಳಿದ ಮೇಲೆ ಅದೇ ಪುಸ್ತಕದ ಉಳಿದ ಹಾಳೆಗಳಲ್ಲಿ, ಸಾನಮಾವಿಗೆ ಹಿಂಡು ಬಂದ ದಿನ, ಬಂದ ದಿಕ್ಕು, ಮರಳಿದ ದಿನ, ಹಾನಿಯಾದ ಬೆಳೆ ಇವನ್ನು ಹಿರಿಯರನ್ನು ಕೇಳಿ ಗುರುತು ಹಾಕಲಿ. ಕಾಡಂಚಿಗೆ ಹೋಗಬೇಕಾಗಿಲ್ಲ, ಅಜ್ಜನ ಜಗಲಿಯಲ್ಲಿ ಕುಳಿತರೆ ಸಾಕು.