ಮಾದರಿ ಪರೀಕ್ಷೆಯಲ್ಲಿ ಸಮಯದ ಹಂಚಿಕೆ

ನಮ್ಮ ಎಂ.ಕೆ. ಹುಬ್ಬಳ್ಳಿ ಭಾಗದಲ್ಲಿ ಪದವಿ ಮುಗಿಸಿ ಎಂ.ಬಿ.ಎ. ಸೇರಬಯಸುವವರಿಗೆ ಹತ್ತಿರದ ದಾರಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿ.ಜಿ.ಸಿ.ಇ.ಟಿ. ಅದರಲ್ಲಿ 100 ಪ್ರಶ್ನೆ, 120 ನಿಮಿಷ. ಅಂದರೆ ಪ್ರಶ್ನೆಗೆ 72 ಸೆಕೆಂಡು. ಸರಕಾರಿ ಸೀಟು ಸಿಗದಿದ್ದರೆ ಓದೇ ನಿಲ್ಲುವ ಮನೆಗಳಿರುವುದರಿಂದ ಒಂದೊಂದು ಅಂಕವೂ ಮುಖ್ಯ.

ನಾನು ಸಂಜೆ ಅಭ್ಯಾಸ ಮಾಡಿಸುವ ಬಿ.ಕಾಂ. ವಿದ್ಯಾರ್ಥಿಗಳಲ್ಲಿ ಕಂಡದ್ದಿಷ್ಟು: ಸಮಯ ಹೋಗುವುದು ಗೊತ್ತಿಲ್ಲದ ಪ್ರಶ್ನೆಯಲ್ಲಲ್ಲ, ಅರ್ಧ ಗೊತ್ತಿರುವ ಪ್ರಶ್ನೆಯಲ್ಲಿ. ಅದಕ್ಕೆ ಐದು ನಿಮಿಷ ಕೊಟ್ಟರೆ ನಾಲ್ಕು ಪ್ರಶ್ನೆಗಳ ಸಮಯ ಹೋದಂತೆ. ಆದ್ದರಿಂದ ಹೀಗೆ ಹಂಚಿಕೊಳ್ಳಬಹುದು:

1. ಮೊದಲ 60 ನಿಮಿಷ: ಓದಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳು ಮಾತ್ರ. ಉದಾಹರಣೆಗೆ, ಬೆಲ್ಲದ ದರ ಶೇ. 20 ಏರಿ, ಬಳಿಕ ಶೇ. 20 ಇಳಿದರೆ? 100, 120, 96, ಒಟ್ಟು ಶೇ. 4 ಇಳಿಕೆ. ಸೂತ್ರ ಬೇಕಿಲ್ಲ.
2. ಮುಂದಿನ 40 ನಿಮಿಷ: ಗುರುತು ಹಾಕಿ ಬಿಟ್ಟ, ಲೆಕ್ಕ ಬೇಡುವ ಪ್ರಶ್ನೆಗಳು.
3. ಕೊನೆಯ 20 ನಿಮಿಷ: ಉಳಿದವು ಮತ್ತು ಓಎಂಆರ್ ಹಾಳೆಯ ಪರಿಶೀಲನೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವುದನ್ನೂ ಖಾಲಿ ಬಿಡಬಾರದು.

ಐ.ಐ.ಎಂ.ಗಳ ಕ್ಯಾಟ್‌ಗೆ ಇದೇ ಕ್ರಮ ಹೊಂದದು. ಅಲ್ಲಿ ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಬಹು ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ.

ಪರೀಕ್ಷೆ ಮುಗಿದ ಮೇಲೆ ಅಂಕದ ಜೊತೆಗೆ ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತೆಂದೂ ಬರೆಸಬೇಕು. ಪಾಠಯೋಜನೆಯ ಪ್ರತಿ ಹಂತಕ್ಕೆ ನಿಮಿಷ ನಮೂದಿಸುವ ನಮಗೆ ಇದು ಹೊಸದಲ್ಲ. ಮುಂದಿನ ಮಾದರಿ ಪರೀಕ್ಷೆಯಲ್ಲಿ ಏನು ತಿದ್ದಬೇಕೆಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.